ಗುರಿ ತಪ್ಪಿದ ಗುಂಡಿಗೊಂದು ಗೋಡೆ

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಭಾರತೀಯರೊಬ್ಬರಿಗೆ ವೈಯಕ್ತಿಕ ಚಿನ್ನ ಬಂದದ್ದು ಅದೇ ಮೊದಲು. ಚಂಡೀಗಢದ ಬಳಿ ತಮ್ಮ ಮನೆಯಲ್ಲೇ ಇದ್ದ ಶೂಟಿಂಗ್ ರೇಂಜ್‌ನಲ್ಲಿ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರೆಂಬುದು ಆಗ ಊರೂರಿಗೂ ತಲುಪಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ಇಂಥ ಸುದ್ದಿ ಬಂದಾಗಲೆಲ್ಲ ಒಂದಷ್ಟು ಮನೆಗಳಲ್ಲಿ ಮಕ್ಕಳು ಏರ್‌ಗನ್ ಬೇಕೆನ್ನುತ್ತಾರೆ, ತಂದೆತಾಯಿ ಕೊಡಿಸುತ್ತಾರೆ. ಪಡಸಾಲೆಯಲ್ಲೋ ತಾರಸಿಯಲ್ಲೋ ತೋಟದ ಮನೆಯ ಕಣದಲ್ಲೋ ಒಂದು ಗುರಿಹಲಗೆ ನಿಲ್ಲುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಹತ್ತು ಮೀಟರ್ ರೇಂಜ್ ಹತ್ತಿರದಲ್ಲಿ ಇಲ್ಲದ ತಾಲ್ಲೂಕುಗಳೇ ನಮ್ಮಲ್ಲಿ ಹೆಚ್ಚು. ನಿತ್ಯದ ಅಭ್ಯಾಸವಿಲ್ಲದೆ ಈ ಕ್ರೀಡೆ ಒಲಿಯುವುದೂ ಇಲ್ಲ. ನನ್ನ ಮಾತು ಇರುವುದು ಆ ಹಲಗೆಯ ಹಿಂದೆ ಏನಿದೆ ಎಂಬುದರ ಬಗ್ಗೆ. ಶೂಟರ್‌ಗಳು ಬ್ಯಾಕ್‌ಸ್ಟಾಪ್ ಎನ್ನುವುದನ್ನು ಇಲ್ಲಿ ಹಿಂತಡೆ ಎಂದು ಕರೆಯುತ್ತೇನೆ. ಗುರಿಗೆ ತಾಗಿದ ಗುಂಡನ್ನು ಹಿಡಿಯುವುದೇ ಅದರ ಕೆಲಸವೆಂದು ಬಹಳ ಜನ ಭಾವಿಸಿದ್ದಾರೆ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು: ಹಿಂತಡೆಯ ಅಗಲ, ಎತ್ತರ, ದಪ್ಪ, ಎಲ್ಲವೂ ಗುರಿ ತಪ್ಪಿದ ಗುಂಡಿನ ಲೆಕ್ಕದಲ್ಲೇ ನಿರ್ಧಾರವಾಗಬೇಕು.

ಮೊದಲು ಆ ಗುಂಡಿನ ಶಕ್ತಿ ಎಷ್ಟೆಂದು ನೋಡೋಣ. ಸ್ಪರ್ಧೆಯ ಏರ್ ರೈಫಲಿನಲ್ಲಿ ಬಳಸುವ ಸೀಸದ ಪೆಲೆಟ್ 4.5 ಮಿಲಿಮೀಟರ್ ದಪ್ಪ, ಸುಮಾರು ಅರ್ಧ ಗ್ರಾಂ ತೂಕ. ಅದು ನಳಿಗೆಯಿಂದ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಏಳೂವರೆ ಜೂಲ್ ಆಸುಪಾಸಿನ ಶಕ್ತಿ. ಏರ್ ಪಿಸ್ತೂಲಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಏರ್‌ಗನ್‌ಗಳಲ್ಲಿ ಇದರ ಎರಡು ಪಟ್ಟು ಶಕ್ತಿಯವೂ ಉಂಟು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿಯನ್ನಾಗಲಿ 4.5 ಮಿಲಿಮೀಟರ್ ನಳಿಗೆಯನ್ನಾಗಲಿ ಮೀರಿದ ಏರ್‌ಗನ್‌ಗೆ ಲೈಸೆನ್ಸ್ ಬೇಕು, ಆ ಮಿತಿಯೊಳಗಿನದಕ್ಕೆ ಬೇಡ. ಇಲ್ಲಿಂದಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಶುರುವಾಗುತ್ತದೆ. ಲೈಸೆನ್ಸ್ ಬೇಡವೆಂದರೆ ಅಪಾಯವೂ ಇಲ್ಲ, ಇದು ಆಟದ ಸಾಮಾನು ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಸರ್ಕಾರ ಆ ಗೆರೆ ಎಳೆದಿರುವುದು ಯಾವುದನ್ನು ನೋಂದಾಯಿಸಿಕೊಂಡು ಲೆಕ್ಕವಿಡಬೇಕು ಎಂಬುದಕ್ಕೆ. ಯಾವುದು ಮೈಗೆ ಹೊಕ್ಕೀತು, ಯಾವುದು ಹೊಗದು ಎಂದು ಹೇಳುವುದಕ್ಕಲ್ಲ. ಏಳೂವರೆ ಜೂಲ್ ಕೇಳಲು ಸಣ್ಣದು, ಆದರೆ ಅಷ್ಟೂ ಶಕ್ತಿ ಒಂದು ಕೊತ್ತಂಬರಿ ಕಾಳಿನಷ್ಟಗಲದ ಜಾಗದ ಮೇಲೆ ಬೀಳುತ್ತದೆ. ಚರ್ಮ ಹರಿದು ಒಳಹೊಗಲು ಅದು ಸಾಕು. ಕಣ್ಣಿಗಂತೂ ಆ ವೇಗದ ಅರ್ಧವೂ ಬೇಡ. ಒಮ್ಮೆ ಪುಟಿದು ಬಲವನ್ನೆಲ್ಲ ಕಳೆದುಕೊಂಡಂತೆ ಕಾಣುವ ಪೆಲೆಟ್ ಕೂಡ ಕಣ್ಣನ್ನು ಕೆಡಿಸಬಲ್ಲದು. ಹಿಂತಡೆ ಎಷ್ಟು ಮುಖ್ಯವೋ ಗುಂಡು ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ ಅಷ್ಟೇ ಮುಖ್ಯವೆನ್ನುವುದು ಇದಕ್ಕೇ.

ಈಗ ತಪ್ಪುವ ಮಾತು. ಏರ್ ರೈಫಲಿನ ಗುರಿಚಕ್ರದ ಹೊರವೃತ್ತದ ಅಗಲ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಪಿಸ್ತೂಲಿನ ಕಾರ್ಡು 17 ಸೆಂಟಿಮೀಟರ್ ಚೌಕ. ಮಾರುಕಟ್ಟೆಯಲ್ಲಿ ಸಿಗುವ ಪೆಲೆಟ್ ಟ್ರ್ಯಾಪ್ ಪೆಟ್ಟಿಗೆಗಳ ಬಾಯಿ ಸಾಮಾನ್ಯವಾಗಿ ಈ ಕಾರ್ಡಿನ ಅಳತೆಯದೇ. ನುರಿತ ಕೈಗೆ ಅದು ಧಾರಾಳವಾಗಿ ಸಾಕು. ಆದರೆ ಮನೆಯಲ್ಲಿ ಕಲಿಯುತ್ತಿರುವವರ ಕೈ ಅಂಥದ್ದಲ್ಲ. ಹತ್ತು ಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪು ಎಂದರೆ ಹದಿನೇಳೂವರೆ ಸೆಂಟಿಮೀಟರ್. ಪೆಟ್ಟಿಗೆಯ ನಡುವಿಗೆ ಹಿಡಿದ ಗುಂಡು ಪೂರ್ತಿ ಹೊರಗೆ. ಭುಜಕ್ಕೊತ್ತಿದ ಒಂದು ಮೀಟರ್ ಉದ್ದದ ರೈಫಲಿನ ತುದಿ ಎರಡು ಸೆಂಟಿಮೀಟರ್ ಓಲಾಡಿದರೆ ಗುಂಡು ಇಪ್ಪತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಪಿಸ್ತೂಲಿನ ಲೆಕ್ಕ ಇದಕ್ಕಿಂತ ಕಠಿಣ. ಮಣಿಕಟ್ಟಿನಿಂದ ನಳಿಗೆಯ ತುದಿಗೆ 40 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮಣಿಕಟ್ಟು ತುಸು ಬಾಗಿ ಅದೇ ಎರಡು ಸೆಂಟಿಮೀಟರ್ ಸರಿದರೂ ಗುಂಡು ಅರ್ಧ ಮೀಟರ್ ತಪ್ಪುತ್ತದೆ. ಟ್ರಿಗರ್ ವಿಷಯವೂ ಇದೆ. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಹೊರಬೇಕೆಂಬ ನಿಯಮವಿದೆ, ಏರ್ ರೈಫಲಿಗೆ ಅಂಥ ಕನಿಷ್ಠ ಮಿತಿಯೇ ಇಲ್ಲ. ನೂರು ಗ್ರಾಮಿಗೂ ಕಡಿಮೆ ಒತ್ತಡಕ್ಕೆ ಬಿಡುವ ಟ್ರಿಗರ್‌ಗಳು ಸಾಮಾನ್ಯ. ಬೆರಳು ಸೋಕಿದರೆ ಸಾಕು, ಗುಂಡು ಹೊರಟಿತು. ಪಿಸ್ತೂಲು ಹಿಡಿದವರು ಮೊದಲು ತೋಳನ್ನು ಗುರಿಗಿಂತ ಮೇಲಕ್ಕೆತ್ತಿ, ಬಳಿಕ ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ. ಈ ಇಳಿತದ ನಡುವೆ ಬೆರಳು ಸೋಕಿದರೆ ಗುಂಡು ಗುರಿಯ ಮೇಲಿನಿಂದ ಹಾದುಹೋಗುತ್ತದೆ. ಹೀಗಾಗಿ ಹಿಂತಡೆಗೆ ಪಕ್ಕದ ಅಗಲಕ್ಕಿಂತ ಮೇಲಿನ ಎತ್ತರ ಹೆಚ್ಚು ಬೇಕು. ಹತ್ತು ಡಿಗ್ರಿ ಮೇಲೆ ಹೊರಟ ಗುಂಡು ಗುರಿಯ ಬಳಿ ಬರುವಾಗ ಅದಕ್ಕಿಂತ ಸುಮಾರು ಒಂದೂಮುಕ್ಕಾಲು ಮೀಟರ್ ಮೇಲಿರುತ್ತದೆ ಎಂಬುದನ್ನು ನೆನಪಿಟ್ಟರೆ, ಗುರಿಯ ಹಿಂದಿನ ಗೋಡೆ ನೆಲದಿಂದ ಸೂರಿನವರೆಗೂ ಯಾಕೆ ಲೆಕ್ಕಕ್ಕೆ ಬರಬೇಕೆಂದು ತಿಳಿಯುತ್ತದೆ.

ಈ ಲೆಕ್ಕವನ್ನು ನಮ್ಮ ಊರುಗಳ ಮನೆಗಳಿಗೆ ಹಚ್ಚಿ ನೋಡಬೇಕು. 30×40 ಅಡಿಯ ನಿವೇಶನದ ಉದ್ದದ ಬದಿ ಹನ್ನೆರಡು ಮೀಟರ್ ಚಿಲ್ಲರೆ. ಗೋಡೆಗಳ ದಪ್ಪ ಕಳೆದು, ನಿಲ್ಲುವವರಿಗೆ ಜಾಗ ಬಿಟ್ಟು, ಗುರಿಯ ಹಿಂದೆ ಪೆಟ್ಟಿಗೆ ಇಟ್ಟರೆ ಮನೆಯೊಳಗೆ ಹತ್ತು ಮೀಟರ್ ಸಿಗುವುದು ಕಷ್ಟ. ಸಿಕ್ಕರೂ ನಡುವೆ ಎರಡು ಬಾಗಿಲು ಬರುತ್ತವೆ. ಹಾಗಾಗಿ ಜನ ತಾರಸಿ ಹತ್ತುತ್ತಾರೆ. ತಾರಸಿಯ ಪ್ಯಾರಾಪೆಟ್ ಸಾಮಾನ್ಯವಾಗಿ ಮೂರಡಿ, ಅಂದರೆ 90 ಸೆಂಟಿಮೀಟರ್. ಸ್ಪರ್ಧೆಯ ನಿಯಮದಂತೆ ಗುರಿಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಬೇಕು. ಹಾಗೆಂದರೆ ಗುರಿ ಪ್ಯಾರಾಪೆಟ್‌ಗಿಂತ ಅರ್ಧ ಮೀಟರ್ ಮೇಲೆ ನಿಂತಿದೆ, ಅದರ ಹಿಂದೆ ಇರುವುದು ಬರೀ ಆಕಾಶ ಮತ್ತು ಪಕ್ಕದ ಮನೆಯ ಬಟ್ಟೆ ಒಣಗಿಸುವ ಹಗ್ಗ. ಪೆಟ್ಟಿಗೆ ತಪ್ಪಿದ ಪೆಲೆಟ್ ನೂರು ಮೀಟರಿನ ಆಚೆಗೂ ಹೋಗಬಲ್ಲದು. ಕಾಂಪೌಂಡ್ ಗೋಡೆಗೆ ಗುರಿ ಒರಗಿಸುವುದೂ ಇದೇ ಬಗೆಯ ತಪ್ಪು. ಐದಡಿ ಗೋಡೆಯ ಮೇಲ್ಗಡೆ ರಸ್ತೆ ಇದೆ. ಮನೆಯೊಳಗಿನ ಉದ್ದನೆಯ ಪಡಸಾಲೆ, ಮೂರು ಕಡೆ ಗೋಡೆಯಿರುವ ಕಾರ್ ಶೆಡ್, ತೋಟದ ಮನೆಯಲ್ಲಾದರೆ ಖಾಲಿ ಉಗ್ರಾಣ, ಇವು ಈ ಕೆಲಸಕ್ಕೆ ತಕ್ಕ ಜಾಗಗಳು. ಆಗಲೂ ಗುಂಡಿನ ದಾರಿಗೆ ತೆರೆಯುವ ಬಾಗಿಲಿಗೆ ಆ ಹೊತ್ತಿನಲ್ಲಿ ಒಳಗಿನಿಂದ ಚಿಲಕ ಬೀಳಬೇಕು. ನಿಂತವರ ಬೆನ್ನ ಹಿಂದಿನಿಂದ ಮಾತ್ರ ಯಾರಾದರೂ ಬರುವಂತಿರಬೇಕು. ಬಂದವರು ಮಾತಾಡಿಸಿದೊಡನೆ ಕೈಯಲ್ಲಿ ಗನ್ ಹಿಡಿದೇ ತಿರುಗುವ ಅಭ್ಯಾಸ ಮಕ್ಕಳಿಗೆ ಇರುತ್ತದೆ, ಅದನ್ನು ಮೊದಲ ದಿನವೇ ಬಿಡಿಸಬೇಕು. ಎಂಥ ಹಿಂತಡೆಯೂ ಇದೊಂದನ್ನು ತಡೆಯಲಾರದು.

ಜಾಗವಾಯಿತು. ಗೋಡೆ ಯಾವುದರದು? ಹಿಂತಡೆಗೆ ಎರಡು ಕೆಲಸ: ನಿಲ್ಲಿಸುವುದು ಒಂದು, ನಿಲ್ಲಿಸಿದ್ದನ್ನು ಹಿಂದಿರುಗಿಸದೆ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದು ಸುಲಭ. ಇಟ್ಟಿಗೆ ಗೋಡೆ, ಸೈಜುಗಲ್ಲು, ಕಾಂಕ್ರೀಟ್ ಬ್ಲಾಕ್, ಯಾವುದಾದರೂ ಪೆಲೆಟ್ ಅನ್ನು ನಿಲ್ಲಿಸುತ್ತದೆ. ಎರಡನೆಯದರಲ್ಲಿ ಇವೆಲ್ಲ ಸೋಲುತ್ತವೆ. ಕಲ್ಲಿಗೆ ಬಡಿದ ಸೀಸ ಚಪ್ಪಟೆಯಾಗಿ, ಚೂರಾಗಿ ಎರಚುತ್ತದೆ. ಗಾರೆಯ ಚಕ್ಕೆಯೂ ಜೊತೆಗೆ ಹಾರುತ್ತದೆ. ಮೆತ್ತಗಿದೆಯಲ್ಲ ಎಂದು ಹಳೆಯ ಟೈರನ್ನೋ ದಪ್ಪ ಪ್ಲೈವುಡ್ಡನ್ನೋ ಇಟ್ಟರೆ ಇನ್ನೊಂದು ತೊಂದರೆ: ಕಡಿಮೆ ವೇಗದ ಪೆಲೆಟ್ ಅದರೊಳಗೆ ಹೊಗದೆ ಇಡಿಯಾಗಿ ಪುಟಿದು ಬಂದ ದಾರಿಯಲ್ಲೇ ಮರಳುತ್ತದೆ. ತಾಮ್ರದ ಲೇಪವಿರುವ ಉಕ್ಕಿನ ಬಿಬಿ ಗುಂಡುಗಳಂತೂ ಗಟ್ಟಿಯಾದ ಯಾವುದಕ್ಕೆ ತಾಗಿದರೂ ಹಿಂದಕ್ಕೆ ಹಾರುತ್ತವೆ. ಮನೆಯ ರೇಂಜ್‌ಗೆ ಅವನ್ನು ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಬ್ಬಿಣದ ತಗಡನ್ನೇ ಬಳಸುವುದಾದರೆ ಅದನ್ನು ನೆಟ್ಟಗೆ ನಿಲ್ಲಿಸದೆ, ಮೇಲಂಚು ಗುಂಡು ಹೊಡೆಯುವವರ ಕಡೆಗೆ ಬಾಗುವಂತೆ ಸುಮಾರು 45 ಡಿಗ್ರಿ ಓರೆಯಾಗಿಸಬೇಕು. ಕ್ಯಾರಂ ಬೋರ್ಡಿನ ಅಂಚಿಗೆ ಓರೆಯಾಗಿ ತಾಗಿದ ಸ್ಟ್ರೈಕರ್ ಹೇಗೆ ತಿರುಗಿ ಬೇರೆ ಕಡೆ ಹೋಗುತ್ತದೋ ಹಾಗೆ ಪೆಲೆಟ್ ಕೆಳಕ್ಕೆ ತಿರುಗುತ್ತದೆ; ಅಲ್ಲಿ ಮರಳಿನ ಟ್ರೇ ಇಟ್ಟರೆ ಅದರೊಳಗೆ ಬಿದ್ದು ಸುಮ್ಮನಾಗುತ್ತದೆ. ಮೂರು ಮಿಲಿಮೀಟರ್ ದಪ್ಪದ ಸಾದಾ ಉಕ್ಕಿನ ತಗಡು ಏರ್ ರೈಫಲಿಗೆ ಸಾಕು. ಮೇಲ್ಮೈ ಮಾತ್ರ ಸಪಾಟಾಗಿರಬೇಕು. ಗುಳಿ ಬಿದ್ದ ತಗಡು ಸೀಸದ ಚೂರನ್ನು ಎತ್ತ ತಿರುಗಿಸುತ್ತದೆಂದು ಯಾರೂ ಹೇಳಲಾಗದು, ಗುಳಿಯ ಒಳಮೈ ಅದನ್ನು ನೇರ ಹಿಂದಕ್ಕೇ ಎಸೆಯಬಹುದು. ತಗಡು ಬೇಡವೆನ್ನುವವರಿಗೆ ಹಳೆಯ ಬಟ್ಟೆಯ ಪೆಟ್ಟಿಗೆ ನನ್ನ ಮಟ್ಟಿಗೆ ಅದಕ್ಕಿಂತಲೂ ಒಳ್ಳೆಯದು, ಸದ್ದೂ ಕಡಿಮೆ. ಒಂದೂವರೆ ಎರಡಡಿ ಚೌಕದ ಮರದ ಪೆಟ್ಟಿಗೆ, ಒಂದಡಿ ಆಳ, ಹಿಂಬದಿಗೆ ತಗಡು. ಒಳಗೆ ಹತ್ತಿ ಬಟ್ಟೆಯ ಚಿಂದಿಯನ್ನು ಒತ್ತೊತ್ತಿ ತುಂಬಿ, ಮುಂದೆ ರಟ್ಟು ಹೊಡೆದು, ಆ ರಟ್ಟಿನ ಮೇಲೆ ಗುರಿಕಾರ್ಡು. ಪೆಲೆಟ್ ಪದರ ಪದರವಾಗಿ ಬಟ್ಟೆಯನ್ನು ಸುತ್ತಿಕೊಂಡು ನಿಂತುಬಿಡುತ್ತದೆ. ಪೆಟ್ಟಿಗೆಯ ಸುತ್ತಲಿನ ಗೋಡೆಗೆ, ಸೂರಿನಿಂದ ನೆಲದವರೆಗೆ, ಹಳೆಯ ಕಂಬಳಿಯನ್ನೋ ಜಮಖಾನವನ್ನೋ ಎರಡು ಪದರ ಮಾಡಿ ಗೋಡೆಯಿಂದ ಗೇಣು ದೂರದಲ್ಲಿ ಇಳಿಬಿಡಬೇಕು. ಮೇಲಂಚಿಗೆ ಮಾತ್ರ ಕಟ್ಟಿ, ಕೆಳಗೆ ಸಡಿಲ ಬಿಡಬೇಕು. ಓಲಾಡುವ ಬಟ್ಟೆ ಗುಂಡಿನ ವೇಗವನ್ನು ತಿನ್ನುತ್ತದೆ. ದಾಟಿ ಹೋಗಿ ಗೋಡೆಗೆ ಬಡಿದದ್ದು ಹಿಂದಿರುಗಿ ಬರುವಾಗ ಅದೇ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಗುರಿಗೆ ತಾಗಿದ ಗುಂಡಿಗೆ ಪೆಟ್ಟಿಗೆ, ತಪ್ಪಿದ ಗುಂಡಿಗೆ ಈ ಪರದೆ. ಎರಡನೆಯದಿಲ್ಲದ ರೇಂಜ್ ರೇಂಜೇ ಅಲ್ಲ.

ಮರಳಿನ ಚೀಲದ ಬಗ್ಗೆ ಕೇಳುವವರಿದ್ದಾರೆ. ಮರಳು ಒಳ್ಳೆಯದೇ, ಜರಡಿ ಹಿಡಿದು ಕಲ್ಲು ತೆಗೆದಿದ್ದರೆ. ಆದರೆ ಒಂದೇ ಜಾಗಕ್ಕೆ ಗುಂಡು ಬೀಳುತ್ತಿದ್ದರೆ ಚೀಲ ಹರಿದು ಮರಳು ಸೋರುತ್ತದೆ. ಹೊರಗೆ ತುಂಬಿದಂತೆ ಕಂಡರೂ ಗುಂಡು ಬೀಳುವ ಎತ್ತರದಲ್ಲಿ ಒಳಗೆ ಟೊಳ್ಳಾಗಿರುತ್ತದೆ. ಬಟ್ಟೆಯ ಪೆಟ್ಟಿಗೆಗೂ ಇದೇ ಮಾತು ಸಲ್ಲುತ್ತದೆ. ಸವೆತ ಯಾವಾಗಲೂ ನಡುಮಧ್ಯದಲ್ಲಿ, ಕಾರ್ಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ. ಹಾಗಾಗಿ ರಟ್ಟನ್ನು ಬಿಚ್ಚಿ ಕೈಹಾಕಿ ನೋಡದೆ ಹಿಂತಡೆಯನ್ನು ನಂಬಬಾರದು.

ನಾವು ಬಹಳ ಜಾಗ್ರತೆಯವರು, ಇಷ್ಟು ದಿನ ಏನೂ ಆಗಿಲ್ಲ, ಇದೆಲ್ಲ ಅತಿಯಾಯಿತು ಎನ್ನುವ ಮಾತು ಸಹಜವಾಗಿ ಬರುತ್ತದೆ. ಏನೂ ಆಗದಿದ್ದದ್ದು ಹಿಂತಡೆಯಿಂದಲೋ ಅದೃಷ್ಟದಿಂದಲೋ ಎಂದು ಬೇರ್ಪಡಿಸಿ ನೋಡುವ ದಾರಿ ಒಂದೇ: ತಪ್ಪಿದ ಗುಂಡುಗಳೆಲ್ಲ ಎಲ್ಲಿ ಹೋದವೆಂದು ತೋರಿಸಬಲ್ಲಿರಾ? ತೋರಿಸಲಾಗದಿದ್ದರೆ ಆ ಸುರಕ್ಷತೆ ಊಹೆ ಮಾತ್ರ. ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಇಷ್ಟೆಲ್ಲ ತಾಪತ್ರಯವಿದ್ದರೆ ಮನೆಯಲ್ಲಿ ಯಾಕೆ, ಕ್ಲಬ್ಬಿಗೇ ಹೋಗಬಾರದೇ? ಹೋಗಬಹುದಾದವರು ಹೋಗಲೇಬೇಕು, ತರಬೇತುದಾರರ ಕಣ್ಣು ಮನೆಯಲ್ಲಿ ಸಿಗದು. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಮನೆಯ ಅಭ್ಯಾಸದ ದೊಡ್ಡ ಪಾಲಿಗೆ ಪೆಲೆಟ್ಟೇ ಬೇಕಿಲ್ಲ. ನಿಲುವು, ಉಸಿರು, ಟ್ರಿಗರ್ ಒತ್ತುವ ಹದ, ಇವನ್ನೆಲ್ಲ ಖಾಲಿ ಗನ್ನಿನಲ್ಲೇ ರೂಢಿಸಿಕೊಳ್ಳಬಹುದು. ದೊಡ್ಡ ಶೂಟರ್‌ಗಳು ದಿನವೂ ಮಾಡುವುದು ಅದನ್ನೇ. ಮೂರಡಿ ಪ್ಯಾರಾಪೆಟ್‌ನ ತಾರಸಿ ಮಾತ್ರ ಇರುವವರಿಗೆ ನನ್ನ ಸಲಹೆ ಇದೇ: ಗುಂಡು ಹಾಕಬೇಡಿ, ಖಾಲಿ ಅಭ್ಯಾಸ ಮಾಡಿ. ಖರ್ಚಿನ ಮಾತೂ ಬರುತ್ತದೆ. ಮರದ ಪೆಟ್ಟಿಗೆ, ಚಿಂದಿ ಬಟ್ಟೆ, ತಗಡು, ಹಳೆಯ ಕಂಬಳಿ, ಇವೆಲ್ಲ ಸೇರಿದರೂ ಏರ್ ರೈಫಲಿನ ಬೆಲೆಯ ಸಣ್ಣ ಪಾಲು. ರೈಫಲಿಗೆ ಹಣವಿದ್ದು ಇದಕ್ಕಿಲ್ಲವೆನ್ನುವುದನ್ನು ನಾನು ಒಪ್ಪಲಾರೆ.

ಇಷ್ಟು ಹೊತ್ತೂ ಹೇಳಿದ್ದು ಏರ್‌ಗನ್ನಿನ ಮಾತು. ಮದ್ದಿನ ಕೋವಿಗೆ ಇದರಲ್ಲಿ ಒಂದಕ್ಷರವೂ ಅನ್ವಯಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬಹಳ ಸಣ್ಣದೆಂದು ಜನ ತಿಳಿಯುವ ಪಾಯಿಂಟ್ ಟೂಟೂ ಗುಂಡಿನ ಶಕ್ತಿ ಸುಮಾರು 140 ಜೂಲ್, ಸ್ಪರ್ಧೆಯ ಪೆಲೆಟ್‌ಗಿಂತ ಹದಿನೆಂಟು ಪಟ್ಟು. ತಡೆಯಿಲ್ಲದೆ ಹೋದರೆ ಅದು ಒಂದು ಕಿಲೋಮೀಟರಿಗಿಂತ ಬಹಳ ಮುಂದೆ ಹೋಗುತ್ತದೆ. ಬಟ್ಟೆಯ ಪೆಟ್ಟಿಗೆ, ಕಂಬಳಿ ಪರದೆ ಅದರ ಮುಂದೆ ಇದ್ದೂ ಇಲ್ಲದಂತೆ. ಕೊಡಗಿನಲ್ಲಿ ಕೋವಿ ಮನೆತನದ ಭಾಗ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಕೋವಿಯ ಜೊತೆಗೇ ಬೆಳೆದುಬಂದ ಶಿಸ್ತಿನ ಆಚರಣೆ. ಆ ಸ್ಪರ್ಧೆಗೆ ಹಿರಿಯರಿರುತ್ತಾರೆ, ಸಾಲು ಇರುತ್ತದೆ, ಗುಂಡು ಎತ್ತ ಹೋಗುತ್ತದೆಂದು ನೋಡುವವರಿರುತ್ತಾರೆ. ಅದನ್ನು ನೋಡಿ ಮನೆಯ ಹಿಂದಿನ ಬರೆಗೆ ಒಬ್ಬನೇ ಗುರಿ ಇಟ್ಟು ಹೊಡೆಯುವುದು ಬೇರೆ ಸಂಗತಿ. ಬರೆಯ ಮಣ್ಣಿನಲ್ಲಿ ಹುದುಗಿರುವ ಒಂದು ಕಲ್ಲು ಸಾಕು, ಗುಂಡು ದಿಕ್ಕು ಬದಲಿಸಲು. ಆಚೆ ಕಾಫಿ ತೋಟ ಹಸಿರಾಗಿ ಖಾಲಿಯಾಗಿ ಕಾಣುತ್ತದೆ, ಗಿಡಗಳ ನಡುವೆ ಕೆಲಸದವರು ಬಗ್ಗಿ ಕಳೆ ತೆಗೆಯುತ್ತಿರುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಗೆ ಆದ 2019ರ ತಿದ್ದುಪಡಿಯ ನಂತರ, ಅಜಾಗರೂಕತೆಯಿಂದ ಬಂದೂಕು ಬಳಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮದ್ದಿನ ಕೋವಿಗೆ ತಕ್ಕ ಹಿಂತಡೆ ಕಟ್ಟುವುದು ರೇಂಜ್‌ಗಳ ಕೆಲಸ, ಮನೆಗಳದ್ದಲ್ಲ.

ಕಟ್ಟಿದ ಹಿಂತಡೆಯನ್ನು ಬಳಕೆಗೆ ಮೊದಲು ಪರೀಕ್ಷಿಸಬೇಕು. ಇದು ಬಹಳ ಸರಳ. ಪೆಟ್ಟಿಗೆಯ ಹಿಂದೆ, ಪರದೆಯ ಹಿಂದೆ, ಗೋಡೆಯುದ್ದಕ್ಕೂ ಬಿಳಿ ಹಾಳೆ ಅಂಟಿಸಿ. ಪೆಟ್ಟಿಗೆಯ ಮುಂದೆ ಒಂದು ಮೀಟರ್ ದೂರದವರೆಗೆ ನೆಲಕ್ಕೂ ಪಕ್ಕದ ಗೋಡೆಗಳಿಗೂ ದಿನಪತ್ರಿಕೆ ಹಾಸಿ, ಅಂಟಿಸಿ. ಕನ್ನಡಕ ಹಾಕಿಕೊಂಡು, ಇರುವುದರಲ್ಲಿ ಹೆಚ್ಚು ಶಕ್ತಿಯ ಗನ್ನಿನಿಂದ, ಪೆಟ್ಟಿಗೆಯ ನಡುವಿಗೂ ಅಂಚುಗಳಿಗೂ ಬೇಕೆಂದೇ ಪರದೆಗೂ ಹಲವು ಸಲ ಹೊಡೆಯಿರಿ. ಹಿಂದಿನ ಹಾಳೆಯಲ್ಲಿ ತೂತು ಬಿದ್ದರೆ ಗುಂಡು ನಿಲ್ಲಲಿಲ್ಲ. ಮುಂದಿನ ಪತ್ರಿಕೆಯಲ್ಲಿ ಗೀರೋ ಸೀಸದ ಚೂರೋ ಕಂಡರೆ ನಿಂತದ್ದು ಒಳಗೆ ಉಳಿಯಲಿಲ್ಲ. ಅಂಚುಗಳಿಗೆ ಹೊಡೆಯುವುದನ್ನು ಮರೆಯಬಾರದು, ಏಕೆಂದರೆ ಪೆಟ್ಟಿಗೆಯ ಮರದ ಚೌಕಟ್ಟೇ ಪೆಲೆಟ್ ಪುಟಿಯುವ ಜಾಗ. ಪತ್ರಿಕೆಯಲ್ಲಿ ಗುರುತು ಬಿದ್ದರೆ ಆ ಚೌಕಟ್ಟಿನ ಮುಖಕ್ಕೆ ದಪ್ಪ ಬಟ್ಟೆ ಸುತ್ತಿ ಮತ್ತೆ ನೋಡಿ. ಪೆಲೆಟ್‌ನ ಬ್ರ್ಯಾಂಡ್ ಬದಲಾದಾಗ, ಗನ್ ಬದಲಾದಾಗ ಪರೀಕ್ಷೆಯೂ ಹೊಸದಾಗಿ ಆಗಬೇಕು. ಸೀಸವಿಲ್ಲದ ಪೆಲೆಟ್‌ಗಳೂ ಈಗ ಸಿಗುತ್ತವೆ. ಅವು ಸೀಸಕ್ಕಿಂತ ಗಟ್ಟಿ, ಹಾಗಾಗಿ ಹೆಚ್ಚು ಪುಟಿಯುತ್ತವೆ.

ಕೊನೆಯದಾಗಿ ಸೀಸದ ಮಾತು. ಹಿಂತಡೆ ಗುಂಡನ್ನು ಇಟ್ಟುಕೊಳ್ಳಬೇಕು ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇಲ್ಲಿದೆ. ಅರ್ಧ ಗ್ರಾಮಿನ ಪೆಲೆಟ್ ದಿನಕ್ಕೆ ನೂರು ಎಂದರೂ ವರ್ಷದಲ್ಲಿ ಮುನ್ನೂರು ದಿನದ ಅಭ್ಯಾಸಕ್ಕೆ ಹದಿನೈದು ಕಿಲೋ ಸೀಸ ಒಂದು ಮನೆಯೊಳಗೆ ಸೇರುತ್ತದೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟ ಯಾವುದೂ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಹೊಡೆತ ಬೀಳುವುದು ಹೆಚ್ಚಾಗಿ ಚಿಕ್ಕ ಮಕ್ಕಳ ಬೆಳೆಯುವ ಮೆದುಳಿನ ಮೇಲೆ, ಗರ್ಭಿಣಿಯರ ಮೂಲಕ ಹುಟ್ಟಲಿರುವ ಮಗುವಿನ ಮೇಲೆ. ನಮ್ಮ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದೇಶಕ್ಕೆ ದಶಕಗಳಿಂದ ಎಚ್ಚರಿಕೆ ಹೇಳುತ್ತ ಬಂದಿರುವುದು ಈ ಕಾರಣಕ್ಕೇ. ಗಟ್ಟಿ ಗೋಡೆಗೆ ಬಡಿದ ಪೆಲೆಟ್ ಕಣ್ಣಿಗೆ ಕಾಣದ ಪುಡಿಯಾಗಿ ನೆಲಕ್ಕಿಳಿಯುತ್ತದೆ. ಬಟ್ಟೆಯಲ್ಲೋ ಮರಳಿನಲ್ಲೋ ನಿಂತದ್ದು ಬಹುಮಟ್ಟಿಗೆ ಇಡಿಯಾಗಿ ಉಳಿಯುತ್ತದೆ. ಮೆತ್ತನೆಯ ಹಿಂತಡೆ ಕಣ್ಣನ್ನು ಕಾಯುವ ಜೊತೆಗೆ ಮನೆಯ ನೆಲವನ್ನೂ ಕಾಯುತ್ತದೆ. ಆದ್ದರಿಂದ ರೇಂಜ್‌ನ ಜಾಗ ಅಡುಗೆಮನೆಗೂ ಮಕ್ಕಳು ಆಡುವ ಕಡೆಗೂ ತಗುಲಿಕೊಂಡಿರಬಾರದು. ಅಲ್ಲಿ ಪೊರಕೆ ಹಿಡಿಯಬಾರದು, ಧೂಳೇಳುತ್ತದೆ. ಒದ್ದೆ ಬಟ್ಟೆಯಲ್ಲೇ ಒರೆಸಿ, ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸದೆ ಪ್ರತ್ಯೇಕವಾಗಿ ಇಡಬೇಕು. ಅಭ್ಯಾಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯದೆ ನೀರು ಸಹ ಕುಡಿಯಬಾರದು, ಪೆಲೆಟ್ ತುಂಬಿದ ಬೆರಳಿನಲ್ಲಿ ಸೀಸ ಇದ್ದೇ ಇರುತ್ತದೆ. ಪೆಟ್ಟಿಗೆಯಿಂದ ತೆಗೆದ ಚಿಂದಿ ಕಾಲೊರಸಾಗಬಾರದು, ಟ್ರೇಯ ಮರಳು ಹೂವಿನ ಕುಂಡಕ್ಕೆ ಹೋಗಬಾರದು. ಆರಿಸಿದ ಸೀಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ನೋಂದಾಯಿತ ಸೀಸ ಮರುಬಳಕೆ ಘಟಕಕ್ಕೆ ತಲುಪಿಸಬೇಕು. ಬೀದಿಯ ಗುಜರಿಯವರಿಗೆ ಕೊಟ್ಟರೆ ಅದು ಯಾವುದೋ ಗುಡಿಸಲಿನ ಒಲೆಯ ಮೇಲೆ ಕರಗುತ್ತದೆ, ಅಲ್ಲಿಯೂ ಮಕ್ಕಳಿರುತ್ತಾರೆ.